ಗೇಟಿನ ಮೇಲಿನ ರಂಗೂನ್ ಬಳ್ಳಿ: ಮನೆ ಬಿಡುವ ಮೊದಲು ಗಿಡ ಮಾಡಿಕೊಳ್ಳುವುದು ಹೇಗೆ?

ಗೇಟಿನಮನೆ, ಮೈಸೂರು (ಜನವರಿ 18)

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದ ಈ ಬಾಡಿಗೆ ಮನೆಗೆ ನಾವು ಬಂದು 22 ವರ್ಷ ಆಯಿತು. ಯುಗಾದಿ ಮುಗಿದ ಮೇಲೆ ಮನೆ ಕೆಡವಿ ಹೊಸದಾಗಿ ಕಟ್ಟಿಸುತ್ತೇನೆ ಅಂತ ಓನರ್ ಹೇಳಿದ್ದಾರೆ. ಒಳ್ಳೆಯ ಜನ, ಎರಡೂವರೆ ತಿಂಗಳು ಮುಂಚೆಯೇ ತಿಳಿಸಿದರು. ಅದಕ್ಕೆ ಬೇಜಾರಿಲ್ಲ. ನನ್ನ ಚಿಂತೆಯೆಲ್ಲಾ ಗೇಟಿನ ಕಮಾನಿನ ಮೇಲೆ ಹಬ್ಬಿರುವ ರಂಗೂನ್ ಬಳ್ಳಿಯದು. ಮಧುಮಾಲತಿ ಅಂತಾರಲ್ವಾ, ಅದೇ. ಮಾಧವಿಲತೆ ಅಂತಲೂ ಕೆಲವರು ಹೇಳುತ್ತಾರೆ.

ನಾವು ಬಂದ ವರ್ಷವೇ ನಾನು ನೆಟ್ಟಿದ್ದು. ಬುಡ ಈಗ ನನ್ನ ಮುಂಗೈ ದಪ್ಪ ಇದೆ. ಕೊರಿಯರ್ ಹುಡುಗರಿಗೆ ಮನೆ ನಂಬರ್ ಹೇಳಿದ್ದೇ ಇಲ್ಲ, "ಕೆಂಪು ಹೂವಿನ ಗೇಟು" ಅಂದರೆ ಸಾಕು. ಇದು ಒಂಟಿ ಎಸಳಿನ ಹಳೇ ಜಾತಿ. ಐದೇ ಎಸಳು, ಕೆಳಗೆ ಬೆರಳುದ್ದದ ಕೊಳವೆ. ಮಗಳು ಚಿಕ್ಕವಳಿದ್ದಾಗ ಉದುರಿದ ಹೂ ಆರಿಸಿಕೊಂಡು, ಆ ಕೊಳವೆಗಳನ್ನೇ ಒಂದಕ್ಕೊಂದು ಹೆಣೆದು, ದಾರ ಇಲ್ಲದೆ ಜಡೆ ಮಾಡುತ್ತಿದ್ದಳು. ಈಗ ನರ್ಸರಿಗಳಲ್ಲಿ ಕೇಳಿದರೆ ಜಾಸ್ತಿ ಸಿಗೋದು ಡಬಲ್ ಹೂವಿನದು. ಅದೂ ಚೆಂದವೇ, ಆದರೆ ನನಗೆ ಬೇಕಿರೋದು ಇದು.

ಹೋದ ಜೂನ್‌ನಲ್ಲಿ ಸುಮ್ನೆ ಒಂದು ಪ್ರಯತ್ನ ಮಾಡಿದ್ದೆ. ತುದಿಯ ಕಡೆಯಿಂದ ಗೇಣುದ್ದದ ಹನ್ನೆರಡು ಕಡ್ಡಿ ಕತ್ತರಿಸಿ, ಕೆಂಪು ಮಣ್ಣು ಮತ್ತು ಗೊಬ್ಬರ ತುಂಬಿದ ಕವರ್‌ಗಳಲ್ಲಿ ಊರಿದೆ. ಹದಿನೈದು ದಿನದಲ್ಲಿ ಎಂಟಕ್ಕೆ ಚಿಗುರು ಬಂತು. ಎಳೇ ಎಲೆ, ತಾಮ್ರದ ಬಣ್ಣ. ಎಷ್ಟು ಖುಷಿಯಾಯಿತು ಅಂದರೆ ಎಂಟನ್ನೂ ಬಿಸಿಲಿಗೆ ತಂದಿಟ್ಟೆ. ಒಂದೇ ವಾರ. ಎಲ್ಲಾ ಜೋತು ಬಿದ್ದವು. ಕಿತ್ತು ನೋಡಿದರೆ ಬುಡ ಕಪ್ಪಾಗಿ ಮೆತ್ತಗಾಗಿತ್ತು, ಒಂದಕ್ಕೂ ಕೂದಲೆಳೆಯಷ್ಟು ಬೇರಿಲ್ಲ. ಚಿಗುರು ಬಂದ ಮೇಲೆ ಹೇಗೆ ಸತ್ತವು ಅಂತ ಇವತ್ತಿಗೂ ಅರ್ಥವಾಗಿಲ್ಲ.

ಈಗ ಟೈಮ್ ಕಮ್ಮಿ ಇದೆ. ಹೊಸ ಮನೆ ಬೋಗಾದಿ ಕಡೆ, ಎರಡನೇ ಮಹಡಿ, ಪಶ್ಚಿಮಕ್ಕೆ ಬಾಲ್ಕನಿ. ನೆಲ ಇಲ್ಲ, ಕುಂಡವೇ ಗತಿ. ದೊಡ್ಡ ಬುಡವನ್ನೇ ಅಗೆದು ಒಯ್ಯಬಹುದಾ? ಇಲ್ಲ ಕಡ್ಡಿಯಿಂದಲೇ ಮಾಡಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಡೊಂಬಿವಲಿ ಕನ್ನಡಿಗ (ಜನವರಿ 18)

ಅಕ್ಕ, ನಮ್ಮ ಮೂಲ ವಿಜಯಪುರ, ಇರೋದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಇಲ್ಲಿ ಎಷ್ಟೋ ಸೊಸೈಟಿಗಳ ಗೇಟಿಗೆ ಈ ಬಳ್ಳಿಯೇ, ಮರಾಠಿಯವರೂ ಮಧುಮಾಲತಿ ಅಂತಲೇ ಕರೆಯುತ್ತಾರೆ. ಕಡ್ಡಿ ಕತ್ತರಿಸುವ ಮೊದಲು ಬುಡದ ಸುತ್ತ ಮೂರ್ನಾಲ್ಕು ಅಡಿ ಹುಡುಕಿ. ಕಾಂಪೌಂಡ್ ಸಂದಿ, ಹೂಕುಂಡಗಳ ಹಿಂದೆ, ಪೈಪ್ ಪಕ್ಕ. ಬೇರಿನಿಂದಲೇ ಮರಿ ಎದ್ದಿರುತ್ತದೆ. ಅಂಥದ್ದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ನನ್ನ ಗಿಡ ಹಾಗೇ ಬಂದಿದ್ದು, ವಾಚ್‌ಮನ್ ಕಳೆ ಅಂತ ಕೀಳುವವರಿದ್ದರು, ನಾನು ಬೇಡಿಕೊಂಡು ತಂದೆ.

ಪುತ್ತೂರು ಹಿತ್ತಲು (ಜನವರಿ 19)

ಅಕ್ಕ, ನಾನು ಮನೆಯಲ್ಲೇ ಸಣ್ಣ ನರ್ಸರಿ ಇಟ್ಟುಕೊಂಡವ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ನಿಮ್ಮ ಎಂಟು ಕಡ್ಡಿಗಳ ವಿಷಯ. ಚಿಗುರು ಬಂತು ಅಂದರೆ ಬೇರು ಬಂತು ಅಂತ ಅರ್ಥ ಅಲ್ಲ. ಕಡ್ಡಿಯೊಳಗೆ ಬಳ್ಳಿ ಕೂಡಿಟ್ಟ ಆಹಾರ ಸ್ವಲ್ಪ ಉಂಟು. ಅದರಲ್ಲೇ ಎಲೆ ಬಿಡುತ್ತದೆ. ಎಲೆ ಬಿಟ್ಟ ಮೇಲೆ ನೀರು ಬೇಕು, ನೀರು ಎಳೆಯಲು ಬೇರಿಲ್ಲ. ನೀವು ಬಿಸಿಲಿಗೆ ಇಟ್ಟಿರಿ, ಎಲೆಯಿಂದ ನೀರು ಹಾರಿತು, ಕಡ್ಡಿ ಸೋತಿತು. ಅದರ ಮೇಲೆ ಗೊಬ್ಬರದ ಮಣ್ಣು, ಜೂನ್ ತಿಂಗಳ ತೇವ. ಗಾಯದ ಬಾಯಿಗೆ ಗೊಬ್ಬರ ತಾಗಿದರೆ ಕೊಳೆಯುವುದು ಬೇಗ. ತುದಿಯ ಎಳೇ ಕಡ್ಡಿಯಂತೂ ಮೊದಲು ಕೊಳೆಯುತ್ತದೆ.

22 ವರ್ಷದ ಬುಡ ಅಗೆಯುವುದು ಬೇಡ. ಕಾಂಪೌಂಡ್ ಅಡಿಪಾಯದ ಕೆಳಗೆ ಬೇರು ಹೋಗಿರುತ್ತದೆ, ಅರ್ಧಕ್ಕರ್ಧ ತುಂಡಾಗುತ್ತದೆ. ಉಳಿದರೂ ಬಾಲ್ಕನಿಯ ಕುಂಡಕ್ಕೆ ಅದು ಹಿಡಿಯುವುದಿಲ್ಲ ಮಾರಾಯ್ರೆ.

ನೀವು ಗೂಟಿ ಕಟ್ಟಿ. ತಾಯಿ ಬಳ್ಳಿಯ ಮೇಲೆಯೇ ಬೇರು ಬರಿಸಿ, ಬೇರು ಕಣ್ಣಿಗೆ ಕಂಡ ಮೇಲೆ ಕತ್ತರಿಸುವುದು. ಬೇರು ಬರುವ ತನಕ ತಾಯಿಯೇ ನೀರು ಕೊಡುತ್ತಿರುತ್ತಾಳೆ. ಹಾಗಾಗಿ ಕಡ್ಡಿ ಒಣಗುವ ಭಯ ಇಲ್ಲ.

ಪೆನ್ಸಿಲ್ ದಪ್ಪದ, ಕಂದು ಬಣ್ಣಕ್ಕೆ ತಿರುಗಿದ ಕೊಂಬೆ ಆರಿಸಿ. ಹಸಿರು ತುದಿ ಬೇಡ, ತುಂಬಾ ಬಲಿತು ಬಿರುಕು ಬಿಟ್ಟದ್ದೂ ಬೇಡ. ಒಂದು ಗಿಣ್ಣಿನ ಕೆಳಗೆ, ಹೊಸ ಬ್ಲೇಡಿನಿಂದ ಸುತ್ತಲೂ ಒಂದು ಗೆರೆ ಹಾಕಿ. ಒಂದು ಇಂಚು ಕೆಳಗೆ ಇನ್ನೊಂದು ಗೆರೆ. ನಡುವಿನ ತೊಗಟೆ ಬಳೆಯ ಹಾಗೆ ಸುಲಿದು ತೆಗೆಯಿರಿ. ಅಡಿಯಲ್ಲಿ ಜಾರುವ ಒಂದು ಪೊರೆ ಕಾಣುತ್ತದೆ. ಅದನ್ನು ಬ್ಲೇಡಿನ ಬೆನ್ನಿನಿಂದ ಚೆನ್ನಾಗಿ ಕೆರೆಯಬೇಕು, ಬಿಳಿ ಕಟ್ಟಿಗೆ ಒಣಗಿದ ಹಾಗೆ ಕಾಣುವ ತನಕ. ಕೆರೆಯದೆ ಬಿಟ್ಟರೆ ಅದೇ ಪೊರೆ ಮತ್ತೆ ತೊಗಟೆ ಕಟ್ಟಿ ಗಾಯ ಮುಚ್ಚಿಬಿಡುತ್ತದೆ. ಹೊಸಬರು ತಪ್ಪುವುದು ಇಲ್ಲಿಯೇ.

ಇದು ಯಾಕೆ ಅಂದರೆ, ನೀರು ಮೇಲೆ ಹೋಗುವುದು ಒಳಗಿನ ಕಟ್ಟಿಗೆಯಲ್ಲಿ. ಎಲೆ ಮಾಡಿದ ಆಹಾರ ಕೆಳಗೆ ಇಳಿಯುವುದು ತೊಗಟೆಯಲ್ಲಿ. ತೊಗಟೆ ಇಲ್ಲದಲ್ಲಿ ಆಹಾರ ಮುಂದೆ ಹೋಗಲಾರದೆ ಗಾಯದ ಮೇಲಂಚಿನಲ್ಲಿ ನಿಲ್ಲುತ್ತದೆ. ಅಲ್ಲಿ ಊದಿಕೊಂಡು ಬೇರು ಒಡೆಯುತ್ತದೆ. ಆದ್ದರಿಂದ ಬೇರು ಬರಿಸುವ ಪುಡಿ ಸಿಕ್ಕಿದರೆ ಆ ಮೇಲಂಚಿಗೇ ಹಚ್ಚಿ. ಸಿಗದಿದ್ದರೂ ನಡೆಯುತ್ತದೆ.

ಆಮೇಲೆ ನೆನೆಸಿದ ತೆಂಗಿನ ನಾರಿನ ಪುಡಿ. ಮುಷ್ಟಿಯಲ್ಲಿ ಬಲವಾಗಿ ಹಿಂಡಿ, ಒಂದು ಹನಿಯೂ ಬೀಳಬಾರದು, ಆದರೆ ಕೈ ಒದ್ದೆಯಾಗಬೇಕು. ಒಂದು ನಿಂಬೆಹಣ್ಣಿಗಿಂತ ದೊಡ್ಡ ಉಂಡೆ ಮಾಡಿ ಗಾಯದ ಸುತ್ತ ಅಂಟಿಸಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ, ಮೇಲೆ ಕೆಳಗೆ ಬಿಗಿಯಾಗಿ ಕಟ್ಟಿ. ಮೇಲಿನ ಕಟ್ಟು ಸಡಿಲವಾದರೆ ನೀರು ಇಳಿಯುತ್ತದೆ. ಅದರ ಮೇಲೊಂದು ಕಪ್ಪು ಬಟ್ಟೆ ತುಂಡು ಸುತ್ತಿ, ಬೇಕಾದಾಗ ಬಿಚ್ಚಿ ನೋಡಬಹುದು.

ಮಳೆಗಾಲದ ಮೊದಲಿನ ಸೆಕೆಯಲ್ಲಾದರೆ ಆರು ವಾರ ಸಾಕು. ನಿಮ್ಮಲ್ಲಿ ಈಗ ರಾತ್ರಿ ಚಳಿ, ಎಂಟು ವಾರ ಹಿಡಿದುಕೊಳ್ಳಿ. ಹಾಗಾಗಿ ಇದೇ ಭಾನುವಾರ ಕಟ್ಟಿ, ಮುಂದೂಡಬೇಡಿ. ಮೂರು ಬೇಕಾದರೆ ಆರು ಕಟ್ಟಿ.

ಕಡ್ಡಿಯನ್ನೂ ಬಿಡಬೇಡಿ. ಬುಡದ ಕಡೆಯ ಪೆನ್ಸಿಲ್ ದಪ್ಪದ್ದು, ನಾಲ್ಕು ಗಿಣ್ಣು ಇರುವ ಹಾಗೆ. ಗೊಬ್ಬರ ಇಲ್ಲದ ನಾರಿನ ಪುಡಿ ಮತ್ತು ತೊಳೆದ ಮರಳು ಸಮಸಮ. ನೆರಳಲ್ಲಿ ಇಟ್ಟು, ತಳ ಕತ್ತರಿಸಿದ ನೀರಿನ ಬಾಟಲಿ ಕವುಚಿ. ಎಳೆದು ನೋಡಬೇಡಿ. ಎರಡು ತಿಂಗಳು ಅದನ್ನು ಮರೆಯಬೇಕು.

ನಿವೃತ್ತ ಮೇಷ್ಟ್ರು, ಧಾರವಾಡ (ಜನವರಿ 19)

ಪುತ್ತೂರಿನವರು ಹೇಳಿದ ಮೇಲೆ ಗಿಡ ಮಾಡುವ ವಿಷಯದಲ್ಲಿ ನನ್ನದೇನಿಲ್ಲ. ಹೆಸರಿನ ಬಗ್ಗೆ ಮಾತ್ರ ಒಂದು ಮಾತು, ಯಾಕೆಂದರೆ ಇದರಿಂದ ಜನ ಬೇರೆ ಗಿಡ ಕೊಂಡು ಮೋಸ ಹೋಗುತ್ತಾರೆ.

ಮಾಧವಿಲತೆ ಬೇರೆ, ಇದು ಬೇರೆ. ಮಾಧವಿಯ ಸಸ್ಯಶಾಸ್ತ್ರದ ಹೆಸರು ಹಿಪ್ಟೇಜ್. ಅದರ ಹೂ ಬಿಳಿ, ಎಸಳಿನ ಅಂಚು ಹರಿದ ಝಾಲರಿಯಂತೆ, ಒಂದು ಎಸಳಿಗೆ ಮಾತ್ರ ಹಳದಿ ಮಚ್ಚೆ. ಕಾಯಿಗೆ ಮೂರು ರೆಕ್ಕೆ, ಗಾಳಿಗೆ ಗಿರಗಿರ ತಿರುಗುತ್ತ ಬೀಳುತ್ತದೆ. ನಮ್ಮ ಹಳೇ ಕಾವ್ಯಗಳಲ್ಲಿ ಮಾವಿನ ಮರವನ್ನು ತಬ್ಬುವುದು ಆ ಮಾಧವಿ.

ನಿಮ್ಮದು ರಂಗೂನ್ ಬಳ್ಳಿ. 1762ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನು ಕ್ವಿಸ್‌ಕ್ವಾಲಿಸ್ ಇಂಡಿಕಾ ಎಂದು ದಾಖಲಿಸಿದ. ಲ್ಯಾಟಿನ್‌ನಲ್ಲಿ ಆ ಮೊದಲ ಪದದ ಅರ್ಥ "ಯಾರು? ಎಂಥದು?". ಆ ಹೆಸರು ಲಿನೇಯಸ್‌ಗಿಂತ ಮೊದಲಿನದು. ಇಂಡೋನೇಷ್ಯಾದ ಅಂಬಾನ್ ದ್ವೀಪದಲ್ಲಿದ್ದ ರಂಫಿಯಸ್ ಎಂಬ ಸಸ್ಯತಜ್ಞ ಕೊಟ್ಟದ್ದು. ಎಳೆಯದರಲ್ಲಿ ಪೊದೆಯ ಹಾಗೆ ನೆಟ್ಟಗೆ ನಿಂತು, ಆಮೇಲೆ ಬಳ್ಳಿಯಾಗಿ ಹಬ್ಬುವುದನ್ನು ನೋಡಿ ಅವನಿಗೆ ಇದು ಎಂಥ ಗಿಡ ಅಂತಲೇ ಅನ್ನಿಸಿತ್ತು. ಈಗ ಪುಸ್ತಕಗಳಲ್ಲಿ ಕಾಂಬ್ರೀಟಮ್ ಇಂಡಿಕಮ್ ಅಂತ ಬರೆಯುತ್ತಾರೆ. ನಿಮ್ಮ ಗೂಟಿ ಗಿಡ ಮೊದಲು ಪೊದೆಯಾಗಿ ನಿಂತರೆ ಗಾಬರಿಯಾಗಬೇಡಿ.

ಗೂಟಿ ಕಟ್ಟುವಾಗ ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಎಲೆ ಉದುರಿದರೂ ಎಲೆತೊಟ್ಟಿನ ಬುಡ ಉದುರುವುದಿಲ್ಲ. ಅದು ಗಟ್ಟಿಯಾಗಿ, ಬಾಗಿ, ಮುಳ್ಳಾಗುತ್ತದೆ. ಬಳ್ಳಿ ಏರುವುದೇ ಆ ಕೊಕ್ಕೆ ಹಿಡಿದು. ನಮ್ಮ ಚರ್ಮಕ್ಕೂ ಹಾಗೇ ಹಿಡಿಯುತ್ತದೆ.

ಇನ್ನೊಂದು, ಒಂಟಿ ಹೂವಿನ ಜಾತಿಯಲ್ಲಿ ಅಪರೂಪಕ್ಕೆ ಐದು ಏಣಿನ ಕಾಯಿ ಕಟ್ಟುತ್ತದೆ. ಜಂತುಹುಳಕ್ಕೆ ಮದ್ದು ಅಂತ ಯಾರಾದರೂ ಹೇಳಿದರೆ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಜಾಸ್ತಿಯಾದರೆ ವಾಂತಿ, ಬಿಕ್ಕಳಿಕೆ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಕಾಯಿ ಕಂಡರೆ ತೆಗೆದುಬಿಡಿ.

ತಾರಸಿ ತೋಟ, ಬೆಂಗಳೂರು (ಜನವರಿ 20)

ಕುಂಡದಲ್ಲಿ ಬೆಳೆಸುವ ಬಗ್ಗೆ ನಾನು ಹೇಳಬಲ್ಲೆ ಮೇಡಂ, ಯಾಕೆಂದರೆ ಮೂರು ವರ್ಷ ನನ್ನ ಗಿಡ ಒಂದೇ ಒಂದು ಹೂ ಬಿಟ್ಟಿರಲಿಲ್ಲ. ಎಲೆ ಮಾತ್ರ ಅಂಗೈ ಅಗಲ, ಕಡು ಹಸಿರು. ನೋಡಿದವರೆಲ್ಲ ಎಷ್ಟು ಆರೋಗ್ಯವಾಗಿದೆ ಅನ್ನೋರು. ತಿಂಗಳಿಗೆ ಎರಡು ಸಲ ಸಗಣಿ ಗೊಬ್ಬರ, ನಡುವೆ ಯೂರಿಯಾ ನೀರು ಕೊಡುತ್ತಿದ್ದೆ. ಸಾರಜನಕ ಜಾಸ್ತಿಯಾದರೆ ಎಲೆಯೇ ಬರುತ್ತದೆ, ಹೂ ಬರಲ್ಲ. ಯೂರಿಯಾ ನಿಲ್ಲಿಸಿದೆ. ಫೆಬ್ರವರಿಯಲ್ಲಿ ಧೈರ್ಯ ಮಾಡಿ ಮೊಣಕಾಲೆತ್ತರಕ್ಕೆ ಇಡೀ ಬಳ್ಳಿ ಕತ್ತರಿಸಿದೆ. ಆ ದಿನ ಕೈ ನಡುಗಿತ್ತು. ಮೇ ತಿಂಗಳಲ್ಲಿ ಹೊಸ ಕೊಂಬೆಗಳ ತುದಿಗೆಲ್ಲ ಗೊಂಚಲು. ಈ ಬಳ್ಳಿ ಹೂ ಬಿಡೋದು ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ, ಹಳೇ ಕೊಂಬೆಯಲ್ಲಲ್ಲ. ಕತ್ತರಿಸದೆ ಬಿಟ್ಟರೆ ಹೂವೆಲ್ಲ ತಾರಸಿ ದಾಟಿ ಪಕ್ಕದ ಮನೆಯವರಿಗೆ ಕಾಣುತ್ತದೆ.

ಕುಂಡ 18 ಇಂಚಿಗೆ ಕಮ್ಮಿ ಬೇಡ. ಕೆಂಪು ಮಣ್ಣು ಒಂದು ಪಾಲು, ಕಾಂಪೋಸ್ಟ್ ಒಂದು ಪಾಲು, ನಾರಿನ ಪುಡಿ ಅರ್ಧ ಪಾಲು, ಒಂದು ಮುಷ್ಟಿ ಬೇವಿನ ಹಿಂಡಿ. ಬಿಸಿಲು ಐದಾರು ಗಂಟೆ ಬೇಕೇ ಬೇಕು. ನಿಮ್ಮ ಬಾಲ್ಕನಿಗೆ ಮಧ್ಯಾಹ್ನದ ಮೇಲಿನ ಬಿಸಿಲು ಪೂರ್ತಿ ಸಿಗುತ್ತದಾ ಅಂತ ಮನೆ ಫೈನಲ್ ಮಾಡುವ ಮೊದಲೇ ಹೋಗಿ ನೋಡಿ. ಹಿಟ್ಟು ತಿಗಣೆ ಬರುತ್ತದೆ, ಇರುವೆ ಸಾಲು ಕಂಡ ಕೂಡಲೇ ಎಲೆಯ ಅಡಿ ನೋಡಿ. ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಸಂಜೆ ಹೊತ್ತು ಸಿಂಪಡಿಸಿ.

ಗೇಟಿನಮನೆ, ಮೈಸೂರು (ಮಾರ್ಚ್ 23)

ಎರಡು ತಿಂಗಳು ಇಲ್ಲಿಗೆ ಬರಲಾಗಲಿಲ್ಲ, ಕ್ಷಮಿಸಿ. ಮನೆ ಹುಡುಕೋದು, ಸಾಮಾನು ಕಟ್ಟೋದು. ಆದರೆ ನೀವು ಹೇಳಿದ ಒಂದೊಂದನ್ನೂ ಮಾಡಿದ್ದೇನೆ, ಏನಾಯಿತು ಅಂತ ಹೇಳಬೇಕು.

ಜನವರಿ 25ಕ್ಕೆ ಆರು ಗೂಟಿ ಕಟ್ಟಿದೆ. ನಮ್ಮ ಯಜಮಾನರು ಏಣಿ ಹಿಡಿದುಕೊಂಡರು. ತೊಗಟೆ ಬಳೆಯ ಹಾಗೆ ಬಿಟ್ಟು ಬಂತು, ಅಡಿಯಲ್ಲಿ ಆ ಜಾರುವ ಪೊರೆ. ಮೊದಲಿನ ಎರಡರಲ್ಲಿ ಕೊಂಬೆಗೆ ನೋವಾಗುತ್ತದೇನೋ ಅನ್ನಿಸಿ ಮೆಲ್ಲಗೆ ಕೆರೆದೆ. ಉಳಿದ ನಾಲ್ಕನ್ನು ಪುತ್ತೂರಿನ ಅಣ್ಣ ಹೇಳಿದ ಹಾಗೆ ಬಿಳಿ ಕಟ್ಟಿಗೆ ಕಾಣುವ ತನಕ ಕೆರೆದೆ.

ಒಂದು ಗೂಟಿಯನ್ನು ಅಳಿಲು ಹರಿದು ನಾರೆಲ್ಲ ಎಳೆದುಕೊಂಡು ಹೋಯಿತು, ಗೂಡಿಗೆ ಇರಬೇಕು. ಮೆಲ್ಲಗೆ ಕೆರೆದ ಎರಡೂ ಗಾಯ ಮುಚ್ಚಿಕೊಂಡು, ಏನೂ ಆಗೇ ಇಲ್ಲವೇನೋ ಅನ್ನುವಷ್ಟು ಹೊಸ ತೊಗಟೆ ಕಟ್ಟಿಬಿಟ್ಟವು. ನೀವು ಬರೆದ ಮಾತು ಅಕ್ಷರಶಃ ಕಣ್ಣೆದುರು ನೋಡಿದೆ.

ಉಳಿದದ್ದು ಮೂರು. ಆರನೇ ವಾರ ಕಪ್ಪು ಬಟ್ಟೆ ಬಿಚ್ಚಿದಾಗ ಪ್ಲಾಸ್ಟಿಕ್ ಒಳಗೆ ಒಂದು ಬಿಳಿ ಎಳೆ ಕಂಡಿತು. ದಾರದ ತುಂಡು ಸೇರಿಕೊಂಡಿದೆ ಅಂದುಕೊಂಡೆ. ಕನ್ನಡಕ ಹಾಕಿಕೊಂಡು ನೋಡಿದರೆ ತುದಿ ಸ್ವಲ್ಪ ಹಳದಿ, ಚೂಪು. ಬೇರು! ಎಂಟನೇ ವಾರಕ್ಕೆ ಮೂರರಲ್ಲೂ ಬೇರು ಉಂಡೆಯ ಸುತ್ತ ಹೆಣೆದುಕೊಂಡಿತ್ತು. ನಿನ್ನೆ ಉಂಡೆಯ ಕೆಳಗೆ ಕತ್ತರಿಸಿ ಮೂರನ್ನೂ ಕುಂಡಕ್ಕೆ ಹಾಕಿದೆ. ಡೊಂಬಿವಲಿ ಅಣ್ಣ ಹೇಳಿದ ಹಾಗೆ ಹುಡುಕಿದ್ದಕ್ಕೆ ನಲ್ಲಿ ಪೈಪಿನ ಹಿಂದೆ ಒಂದು ಮರಿಯೂ ಸಿಕ್ಕಿತು, ಗೇಣುದ್ದ. ಬೇರಿನ ಸಮೇತ ಎದ್ದಿದೆ. ಕಡ್ಡಿಗಳಲ್ಲಿ ಹತ್ತಕ್ಕೆ ಎರಡು ಬದುಕಿವೆ ಅನ್ನಿಸುತ್ತದೆ, ಬಾಟಲಿ ತೆಗೆದಿಲ್ಲ, ಎಳೆದೂ ನೋಡಿಲ್ಲ.

ಈಗ ಪ್ರಶ್ನೆ. ಗೂಟಿ ಗಿಡಗಳ ಎಲೆ ಇವತ್ತು ಮಧ್ಯಾಹ್ನ ಸ್ವಲ್ಪ ಬಾಡಿದೆ. 29ಕ್ಕೆ ಮನೆ ಬದಲಾಯಿಸುತ್ತಿದ್ದೇವೆ, ಟೆಂಪೋದಲ್ಲಿ ಸಾಗಿಸಬೇಕು. ತಡೆಯುತ್ತವಾ?

ಪುತ್ತೂರು ಹಿತ್ತಲು (ಮಾರ್ಚ್ 23)

ಬಹಳ ಸಂತೋಷ ಆಯಿತು ಅಕ್ಕ. ಮೊದಲ ಸಲ ಕಟ್ಟಿ ಆರಕ್ಕೆ ಮೂರು ಅಂದರೆ ಚೆನ್ನಾಗಿಯೇ ಬಂದಿದೆ.

ಬೇರು ಎಷ್ಟು ಉಂಟೋ ಎಲೆ ಅಷ್ಟೇ ಇರಬೇಕು. ಈಗಲೇ ಪ್ರತಿ ಎಲೆಯನ್ನೂ ಅಡ್ಡಲಾಗಿ ಅರ್ಧಕ್ಕೆ ಕತ್ತರಿಸಿ, ತುದಿಯ ಎಳೇ ಚಿಗುರು ಚಿವುಟಿ. ಕೊಂಬೆಯನ್ನು ಒಂದು ಕೋಲಿಗೆ ಸಡಿಲವಾಗಿ ಕಟ್ಟಿ. ಗಾಳಿಗೆ ಕೊಂಬೆ ಅಲ್ಲಾಡಿದರೆ ಒಳಗೆ ಹೊಸ ಬೇರು ಮುರಿಯುತ್ತದೆ, ಅವು ಅಷ್ಟು ಎಳಸು. ಟೆಂಪೋದಲ್ಲಿ ಹಿಂದೆ ತೆರೆದ ಜಾಗದಲ್ಲಿ ಇಡಬೇಡಿ, ನಿಮ್ಮ ಕಾಲ ಬಳಿ ಇಟ್ಟುಕೊಳ್ಳಿ. ಹೊಸ ಮನೆಯಲ್ಲಿ ಮೂರು ವಾರ ಬೆಳಕಿರುವ ನೆರಳು, ಆಮೇಲೆ ಸಂಜೆ ಬಿಸಿಲಿಗೆ ಒಂದೊಂದು ಗಂಟೆ ರೂಢಿ ಮಾಡಿ. ಎರಡು ತಿಂಗಳು ಗೊಬ್ಬರದ ಹೆಸರೆತ್ತಬೇಡಿ.

ಗೇಟಿನಮನೆ, ಮೈಸೂರು (ಜುಲೈ 29)

ಹೂ ಬಂತು.

ಸಮಾಧಾನವಾಗಿ ಬರೆಯುತ್ತೇನೆ. ಮೂರು ಗೂಟಿಯಲ್ಲಿ ಎರಡು ಉಳಿದವು. ಮರಿಯೂ ಉಳಿಯಿತು, ಅದನ್ನು ಹಳೇ ಮನೆ ಓನರ್ ಕೇಳಿ ತೆಗೆದುಕೊಂಡು ಹೋದರು, ಹೊಸ ಕಟ್ಟಡದ ಗೇಟಿಗೆ ಅಂತ. ಹಳೇ ಬಳ್ಳಿಯನ್ನು ಕಡಿಯುವ ದಿನ ನಾನು ಹೋಗಲಿಲ್ಲ. ಬದುಕಿದ ಎರಡು ಕಡ್ಡಿಗಳಲ್ಲಿ ಒಂದನ್ನು ಮಗಳಿಗೆ ಕೊಟ್ಟೆ, ಅವಳಿರೋದು ಹಾಸನದಲ್ಲಿ.

ಬಾಲ್ಕನಿಯ ದೊಡ್ಡ ಕುಂಡದ್ದು ಮೇಷ್ಟ್ರು ಹೇಳಿದ ಹಾಗೇ ಮೊದಲು ಪೊದೆಯಾಗಿ ನಿಂತಿತು. ಜೂನ್ ಮಳೆ ಬಂದಿದ್ದೇ ತಡ, ಒಂದು ಕೊಂಬೆ ಗ್ರಿಲ್ ಹಿಡಿಯಿತು. ಅದರ ತುದಿಯಲ್ಲಿ ಮೊಗ್ಗಿನ ಗೊಂಚಲು. ಎಣಿಸಿದೆ, ಹದಿನೊಂದು.

ಮೊನ್ನೆ ಭಾನುವಾರ ಸಂಜೆ ಕುರ್ಚಿ ಹಾಕಿಕೊಂಡು ಅದರ ಎದುರಿಗೇ ಕೂತೆ. ಆರೂವರೆ ಹೊತ್ತಿಗೆ ಮೂರು ಮೊಗ್ಗಿನ ತುದಿ ಸಡಿಲವಾಯಿತು. ಹೊರಗಿನಿಂದ ನೋಡಿದರೆ ಮೊಗ್ಗು ಗುಲಾಬಿ, ಬಿಚ್ಚಿದ ಮೇಲೆ ಒಳಗೆ ಅಚ್ಚ ಬಿಳಿ. ಕತ್ತಲಾಗುತ್ತಿದ್ದಂತೆ ವಾಸನೆ ಬಂತು. 22 ವರ್ಷ ಗೇಟು ತೆಗೆಯುವಾಗ ಬರುತ್ತಿದ್ದ ಅದೇ ವಾಸನೆ. ಬಾಲ್ಕನಿ ಲೈಟ್ ಆರಿಸಿ ಕೂತಿದ್ದೆ. ಎಂಟು ಗಂಟೆ ಹೊತ್ತಿಗೆ ದೊಡ್ಡದೊಂದು ಪತಂಗ ಬಂದು, ಕೂರದೆ ಗಾಳಿಯಲ್ಲೇ ನಿಂತು, ಉದ್ದನೆ ಸೊಂಡಿಲು ಕೊಳವೆಯೊಳಗೆ ಇಳಿಸಿತು. ಎರಡನೇ ಮಹಡಿಗೂ ಹುಡುಕಿಕೊಂಡು ಬಂತಲ್ಲ!

ನಿನ್ನೆ ಆ ಮೂರು ಗುಲಾಬಿಯಾದವು, ಇವತ್ತು ಕೆಂಪು. ನಡುವೆ ಹೊಸದಾಗಿ ಬಿರಿದವು ಬಿಳಿ, ಗುಲಾಬಿ. ಒಂದೇ ಗೊಂಚಲಲ್ಲಿ ಮೂರು ಬಣ್ಣ. ಬೆಳಗ್ಗೆ ಸೂರಕ್ಕಿ ಬಂದಿತ್ತು, ಗ್ರಿಲ್ ಮೇಲೆ ಕೂತು ನನ್ನನ್ನೇ ನೋಡಿ ಹಾರಿಹೋಯಿತು.

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ. ಒಂದು ಕೇಳಬೇಕಿತ್ತು. ಹೂ ಮುಗಿದ ಮೇಲೆ ಬೆಂಗಳೂರಿನವರು ಹೇಳಿದ ಹಾಗೆ ಮೊಣಕಾಲೆತ್ತರಕ್ಕೆ ಕತ್ತರಿಸಲಾ? ಇನ್ನೂ ಚಿಕ್ಕ ಗಿಡ, ಮನಸ್ಸು ಬರುತ್ತಿಲ್ಲ.

ತಾರಸಿ ತೋಟ, ಬೆಂಗಳೂರು (ಜುಲೈ 29)

ಈಗ ಬೇಡ ಮೇಡಂ. ಹೂ ಮುಗಿದ ಗೊಂಚಲನ್ನು ಮಾತ್ರ ಎರಡು ಗಿಣ್ಣು ಕೆಳಗೆ ಕತ್ತರಿಸಿ, ಪಕ್ಕದಿಂದ ಇನ್ನೆರಡು ಚಿಗುರು ಬರುತ್ತದೆ, ಮಳೆ ನಿಲ್ಲುವ ಮೊದಲು ಇನ್ನೊಂದು ಸಲ ಹೂ ನೋಡಬಹುದು. ದೊಡ್ಡ ಕತ್ತರಿ ಬರುವ ಫೆಬ್ರವರಿಗೂ ಬೇಡ, ಅದರ ಮುಂದಿನ ವರ್ಷಕ್ಕೆ ಇರಲಿ, ಬುಡ ಹೆಬ್ಬೆರಳು ದಪ್ಪ ಆಗಲಿ.

ಪುತ್ತೂರು ಹಿತ್ತಲು (ಜುಲೈ 30)

ಅದೇ ಸರಿ ಅಕ್ಕ. ಮತ್ತೆ ಕತ್ತರಿ ಹಾಕುವ ದಿನ ಮೊದಲು ಎಲೆ ಸರಿಸಿ ಒಳಗೆ ನೋಡಿ. ಪಿಕಳಾರ (ಬುಲ್‌ಬುಲ್) ಹಕ್ಕಿಗೆ ಈ ಬಳ್ಳಿ ಅಂದರೆ ಇಷ್ಟ. ಗೂಡು ಇದ್ದರೆ ಮರಿ ಹಾರುವ ತನಕ ಮೂರು ವಾರ ಕಾಯಿರಿ, ಬಳ್ಳಿಗೇನೂ ಅವಸರ ಇಲ್ಲ.